ಸತ್ತವರಿಗಾಗಿ ಪ್ರಾರ್ಥಿಸಬಹುದು, ಸತ್ತವರನ್ನು ದೂರಲಾಗದು: ‘ವಂಶವೃಕ್ಷ ಸೌಖ್ಯ’ಕ್ಕೆ ಚರ್ಚ್ ತಡೆಯೊಡ್ಡಿದ್ದೇಕೆ?

2024ರ ಕೊನೆಯಲ್ಲಿ ಸ್ಪೇನಿನ ಕಥೋಲಿಕ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿ ಹೊರಡಿಸಿದ ಒಂದು ಸೈದ್ಧಾಂತಿಕ ಟಿಪ್ಪಣಿ ಸ್ಪೇನಿನ ಆಚೆಗೂ ಸುದ್ದಿಯಾಯಿತು. ಹಿಂದಿನ ತಲೆಮಾರುಗಳ ಪಾಪ ಮತ್ತು ಗಾಯಗಳು ಇಂದಿನವರಿಗೆ ರೋಗವಾಗಿ, ಮದ್ಯದ ಚಟವಾಗಿ, ಮುರಿದ ಮದುವೆಯಾಗಿ ಇಳಿದುಬರುತ್ತವೆ ಎಂದು ನಂಬಿ, ಆ ನಂಟನ್ನು ಕಡಿಯುವ ಉದ್ದೇಶದಿಂದ ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆಯಾದ ‘ಮಾಸ್’) ಮತ್ತು ವಿಶೇಷ ಪ್ರಾರ್ಥನೆ ನಡೆಸುವ ಪದ್ಧತಿಯನ್ನು ಆ ಟಿಪ್ಪಣಿ ತಳ್ಳಿಹಾಕಿತು. ‘ವಂಶವೃಕ್ಷ ಸೌಖ್ಯ’, ‘ತಲೆಮಾರುಗಳ ಸೌಖ್ಯ’ ಎಂಬ ಹೆಸರುಗಳಲ್ಲಿ ಈ ಪ್ರಾರ್ಥನೆ ದಕ್ಷಿಣ ಭಾರತದ ಧ್ಯಾನಕೂಟಗಳಿಗೂ ಹೊಸದಲ್ಲ. ಆದ್ದರಿಂದ ಇಲ್ಲಿಯ ವಿಶ್ವಾಸಿಗಳಲ್ಲೂ ಒಂದು ಪ್ರಶ್ನೆ ಏಳುವುದು ಸಹಜ. ಇದೇ ಚರ್ಚ್ ಪ್ರತಿ ವರ್ಷ ನವೆಂಬರ್ 2ರಂದು ಮೃತರೆಲ್ಲರ ಸ್ಮರಣೆ ಮಾಡುತ್ತದೆ. ಅಂದು ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ, ಗುರುಗಳು ಸಮಾಧಿಗಳನ್ನು ಆಶೀರ್ವದಿಸುತ್ತಾರೆ, ತೀರಿಹೋದವರ ಹೆಸರು ಬರೆಸಿ ಪೂಜೆ ಹೇಳಿಸುತ್ತಾರೆ. ಅಲ್ಲಿಯೂ ಸತ್ತವರು, ಬಲಿಪೂಜೆ, ಕುಟುಂಬ ಇವೇ ಮೂರು ಇರುವಾಗ ಒಂದು ಪುಣ್ಯಕಾರ್ಯವೂ ಇನ್ನೊಂದು ನಿಷಿದ್ಧವೂ ಆದದ್ದು ಹೇಗೆ?

ಉತ್ತರ ಸಿಗಬೇಕಾದರೆ, ಸತ್ತವರ ಆತ್ಮಗಳ ಬಗ್ಗೆ ಕ್ರೈಸ್ತರು ಏನು ನಂಬುತ್ತಾರೆ, ಏನು ನಂಬಬಾರದೆಂದು ಅವರಿಗೆ ಹೇಳಲಾಗಿದೆ, ಆದರೂ ಏನು ನಂಬುತ್ತ ಬಂದಿದ್ದಾರೆ ಎಂಬ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ.

ತಡೆ ಬಿದ್ದದ್ದು ಯಾವುದಕ್ಕೆ

ಈ ಪದ್ಧತಿಗೆ ಇಂದಿನ ರೂಪ ಕೊಟ್ಟವರು ಕಥೋಲಿಕ ಗುರುಗಳಲ್ಲ, ಇಂಗ್ಲೆಂಡಿನ ಚರ್ಚಿಗೆ ಸೇರಿದ ಒಬ್ಬ ಆಂಗ್ಲಿಕನ್ ವೈದ್ಯರು. ಮಿಷನರಿ ಕುಟುಂಬದವರಾಗಿ ಚೀನಾದಲ್ಲಿ ಹುಟ್ಟಿ, ಅಲ್ಲಿಯೇ ವೈದ್ಯಕೀಯ ಸೇವೆ ಮಾಡಿ, ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದು, ಬಳಿಕ ಇಂಗ್ಲೆಂಡಿನಲ್ಲಿ ಮನೋವೈದ್ಯರಾದ ಕೆನೆತ್ ಮ್ಯಾಕ್‌ಆಲ್ 1982ರಲ್ಲಿ ಈ ಕುರಿತು ಒಂದು ಪುಸ್ತಕ ಪ್ರಕಟಿಸಿದರು. ಕೆಲವು ರೋಗಿಗಳ ಕಾಯಿಲೆಯ ಬೇರು ಅವರ ಸತ್ತುಹೋದ ಬಂಧುಗಳಲ್ಲಿದೆ ಎಂಬುದು ಅವರ ವಾದ. ಅಂತ್ಯಸಂಸ್ಕಾರ ಕಾಣದವರು, ಆತ್ಮಹತ್ಯೆ ಮಾಡಿಕೊಂಡವರು, ಯುದ್ಧದಲ್ಲಿ ಮಡಿದವರು, ಹೆಸರೂ ಇಲ್ಲದೆ ಗರ್ಭದಲ್ಲೇ ಹೋದ ಶಿಶುಗಳು ನೆಲೆ ಸಿಗದೆ ಬದುಕಿರುವವರನ್ನು ಹಿಡಿದುಕೊಂಡಿರುತ್ತಾರೆ ಎಂದು ಅವರು ನಂಬಿದ್ದರು. ಕುಟುಂಬದ ವಂಶವೃಕ್ಷವನ್ನು ಬರೆದು, ಅಂಥವರನ್ನು ಗುರುತಿಸಿ, ಆ ಹಾಳೆಯನ್ನು ಬಲಿಪೀಠದ ಮೇಲಿಟ್ಟು, ಪ್ರಭುಭೋಜನದ ಆರಾಧನೆಯಲ್ಲಿ ಆ ಆತ್ಮಗಳನ್ನು ಯೇಸುವಿಗೆ ಒಪ್ಪಿಸುವುದು ಅವರ ವಿಧಾನ. ಬರ್ಮುಡಾ ತ್ರಿಕೋನದಲ್ಲಿ ಹಡಗುಗಳು ಕಾಣೆಯಾಗುವುದಕ್ಕೂ ಅವರು ಇದೇ ವಿವರಣೆ ಕೊಟ್ಟು, ಸಾಗಣೆಯ ವೇಳೆ ಕಡಲಿಗೆಸೆಯಲ್ಪಟ್ಟ ಆಫ್ರಿಕಾದ ಗುಲಾಮರ ಆತ್ಮಗಳಿಗಾಗಿ ಆರಾಧನೆ ಏರ್ಪಡಿಸಿದ್ದರು. ಮನೋವೈದ್ಯಶಾಸ್ತ್ರದ ಭಾಷೆ ಎಷ್ಟೇ ಇರಲಿ, ಇದು ಪ್ರೇತಬಾಧೆಯ ಸಿದ್ಧಾಂತವೇ.

1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಡ್ಯೂಕೇನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಧ್ಯಾನಕೂಟವೊಂದರಿಂದ ಆರಂಭವಾದ, ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಕಥೋಲಿಕ ಕ್ಯಾರಿಸ್ಮ್ಯಾಟಿಕ್ ಚಳವಳಿ 1970ರ ದಶಕದಲ್ಲಿ ಭಾರತಕ್ಕೂ ಬಂದಿತ್ತು. ಮ್ಯಾಕ್‌ಆಲ್ ಅವರ ವಿಧಾನ ಈ ಚಳವಳಿಯ ಒಳಕ್ಕೆ ಬಂದಾಗ ಅದರ ಬಣ್ಣ ಸ್ವಲ್ಪ ಬದಲಾಯಿತು. ಅಲೆಯುವ ಆತ್ಮದ ಮಾತು ಹಿಂದೆ ಸರಿದು, ಪಾಪ, ಶಾಪ, ರೋಗದ ಒಲವು ರಕ್ತದ ಮೂಲಕ ಹರಿದುಬರುತ್ತದೆ ಎಂಬ ಮಾತು ಮುಂದೆ ಬಂತು. ಕೂಟಕ್ಕೆ ಬಂದವರು ಮೂರು-ನಾಲ್ಕು ತಲೆಮಾರಿನವರ ಹೆಸರು, ಅವರು ಸತ್ತ ಬಗೆ, ಕುಡಿತ, ಹುಚ್ಚು, ಮಾಟಮಂತ್ರದ ನಂಟು ಎಲ್ಲವನ್ನೂ ಬರೆದುಕೊಂಡು ಪ್ರಾರ್ಥಿಸುವ ಕ್ರಮ ಬೆಳೆಯಿತು.

ಸ್ಪೇನಿನ ಟಿಪ್ಪಣಿಯೇ ಮೊದಲಿನದೂ ಅಲ್ಲ. ಫ್ರಾನ್ಸಿನ ಧರ್ಮಾಧ್ಯಕ್ಷರು 2007ರಲ್ಲೇ, ಬಲಿಪೂಜೆಯ ಮೂಲಕ ಕುಟುಂಬದ ಬೇರುಗಳನ್ನು ಗುಣಪಡಿಸುವ ಪದ್ಧತಿಯ ವಿರುದ್ಧ ಟಿಪ್ಪಣಿ ಹೊರಡಿಸಿದ್ದರು. ಪೋಲೆಂಡಿನ ಧರ್ಮಾಧ್ಯಕ್ಷರು 2015ರ ಅಕ್ಟೋಬರಿನಲ್ಲಿ, ತಲೆಮಾರುಗಳ ಪಾಪದಿಂದ ಬಿಡುಗಡೆ ಕೋರುವ ಪೂಜೆ ಮತ್ತು ಪ್ರಾರ್ಥನಾಕೂಟಗಳನ್ನು ನಿಷೇಧಿಸಿದರು. ಮೂರು ದೇಶಗಳಲ್ಲಿ ಮತ್ತೆ ಮತ್ತೆ ಹೇಳಬೇಕಾಗಿ ಬಂದಿತೆಂದರೆ ಪದ್ಧತಿಗೆ ಬೇಡಿಕೆ ಕುಗ್ಗಿಲ್ಲವೆಂದೇ ಅರ್ಥ.

ಸಾವಿನ ಬಳಿಕ ಆತ್ಮ ಎಲ್ಲಿರುತ್ತದೆ

ಕಥೋಲಿಕ ಬೋಧನೆಯ ಪ್ರಕಾರ ಮನುಷ್ಯ ಸಾಯುವುದು ಒಮ್ಮೆ ಮಾತ್ರ, ಆ ಬಳಿಕ ನ್ಯಾಯತೀರ್ಪು. ಹಿಬ್ರಿಯರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯದ ಈ ಮಾತನ್ನೇ ಆಧರಿಸಿ, ಚರ್ಚಿನ ಅಧಿಕೃತ ಬೋಧನೆಗಳ ಸಂಗ್ರಹವಾದ 1992ರ ಧರ್ಮೋಪದೇಶ ಗ್ರಂಥವು ಪುನರ್ಜನ್ಮವನ್ನು ನಿರಾಕರಿಸುತ್ತದೆ. ತೀರ್ಪು ಯುಗಾಂತ್ಯದವರೆಗೆ ಕಾಯುವುದಿಲ್ಲ. ಸತ್ತ ಕ್ಷಣದಲ್ಲೇ ಪ್ರತಿಯೊಂದು ಆತ್ಮದ ಗತಿ ನಿರ್ಧಾರವಾಗುತ್ತದೆ. ಯುಗಾಂತ್ಯದಲ್ಲಿ ನಡೆಯುವುದು ದೇಹಗಳ ಪುನರುತ್ಥಾನ ಮತ್ತು ಕಡೆಯ ತೀರ್ಪು. ಇದು ಮೊದಲಿನಿಂದಲೂ ಇಷ್ಟು ಸ್ಪಷ್ಟವಾಗಿತ್ತೆಂದು ಭಾವಿಸಬೇಕಿಲ್ಲ. 1330ರ ದಶಕದಲ್ಲಿ ಪೋಪ್ 22ನೇ ಜಾನ್ ಅವರೇ, ಪುಣ್ಯಾತ್ಮರು ಕಡೆಯ ತೀರ್ಪಿನವರೆಗೆ ದೇವರನ್ನು ಮುಖಾಮುಖಿ ಕಾಣುವುದಿಲ್ಲವೆಂದು ಬೋಧಿಸಿ ದೊಡ್ಡ ವಿವಾದ ಎಬ್ಬಿಸಿದ್ದರು. ಅವರ ನಂತರ ಬಂದ 12ನೇ ಬೆನೆಡಿಕ್ಟ್ 1336ರಲ್ಲಿ ಶಾಸನ ಹೊರಡಿಸಿ, ಶುದ್ಧವಾದ ಆತ್ಮಗಳು ಕೂಡಲೇ ದೇವರ ದರ್ಶನ ಪಡೆಯುತ್ತವೆ, ಘೋರ ಪಾಪದಲ್ಲಿ ಸತ್ತವರ ಆತ್ಮಗಳು ಕೂಡಲೇ ನರಕಕ್ಕಿಳಿಯುತ್ತವೆ ಎಂದು ತೀರ್ಮಾನಿಸಿದರು.

ಇವೆರಡರ ನಡುವೆ ಶುದ್ಧೀಕರಣದ ಸ್ಥಿತಿ ಇದೆ. ದೇವರ ಕೃಪೆಯಲ್ಲೇ ಸತ್ತರೂ ಪೂರ್ತಿ ಶುದ್ಧರಾಗದವರು ಇಲ್ಲಿ ಶುದ್ಧಿ ಹೊಂದುತ್ತಾರೆ. ಚರ್ಚಿನ ಮಹಾಸಭೆಗಳಾದ 1274ರ ಲಿಯೋನ್ ಸಭೆ, 1439ರ ಫ್ಲಾರೆನ್ಸ್ ಸಭೆ, 1563ರಲ್ಲಿ ಮುಗಿದ ಟ್ರೆಂಟ್ ಸಭೆಗಳು ಇದನ್ನು ಅಧಿಕೃತಗೊಳಿಸಿದವು. ಇಲ್ಲಿರುವ ಆತ್ಮಗಳು ತಮಗಾಗಿ ತಾವೇ ಏನನ್ನೂ ಗಳಿಸಲಾರವು. ಬದುಕಿರುವವರ ಪ್ರಾರ್ಥನೆ, ದಾನಧರ್ಮ, ಬಲಿಪೂಜೆಗಳು ಅವರಿಗೆ ನೆರವಾಗುತ್ತವೆ. ಇದಕ್ಕೆ ಬೈಬಲ್ ಆಧಾರವಾಗಿ ತೋರಿಸುವುದು ಎರಡನೇ ಮಕ್ಕಬಿಯರ ಗ್ರಂಥದ ಹನ್ನೆರಡನೆಯ ಅಧ್ಯಾಯವನ್ನು. ಅಲ್ಲಿ ಯೂದನು ಯುದ್ಧದಲ್ಲಿ ಸತ್ತ ತನ್ನ ಸೈನಿಕರ ಪಾಪಕ್ಕಾಗಿ ಬಲಿ ಅರ್ಪಿಸಲು ಜೆರುಸಲೇಮಿಗೆ ಹಣ ಕಳುಹಿಸುತ್ತಾನೆ. ಮಂಗಳೂರು ಮತ್ತು ಗೋವಾ ಕಡೆಯ ಕಥೋಲಿಕರು ಏಳನೆಯ ದಿನಕ್ಕೆ, ತಿಂಗಳಿಗೆ, ವರ್ಷಕ್ಕೆ ಹೇಳಿಸುವ ಪೂಜೆಗಳ ಹಿಂದಿರುವ ತರ್ಕವೂ ಇದೇ.

ಈ ಮೂರು ಗತಿಗಳ ನಕ್ಷೆಯಲ್ಲಿ ಇಲ್ಲದ ಸ್ಥಳ ಒಂದಿದೆ: ಹುಣಸೆಮರ. ಅಂದರೆ ತೀರ್ಪು ಸಿಗದೆ, ಲೋಕ ಬಿಡಲಾಗದೆ, ಮನೆಯ ಸುತ್ತ ಸುಳಿದಾಡುವ ಆತ್ಮಕ್ಕೆ ಇಲ್ಲಿ ಜಾಗವೇ ಇಲ್ಲ. ನೆಲೆಯಿಲ್ಲದ ಆತ್ಮವೇ ಇಲ್ಲವೆಂದಾದರೆ ಅದು ಯಾರನ್ನೂ ಹಿಡಿಯುವ ಪ್ರಶ್ನೆಯೂ ಏಳದು. ಧರ್ಮಾಧ್ಯಕ್ಷರ ಆಕ್ಷೇಪದ ಮೊದಲ ಎಳೆ ಇದು.

ಬೈಬಲಿನಲ್ಲೇ ಭೂತ ಇದೆಯಲ್ಲ

ಎದುರುವಾದಿಗಳು ಕೂಡಲೇ ಎತ್ತುವ ಪ್ರಶ್ನೆ ಇದು, ನ್ಯಾಯವಾದದ್ದೂ ಹೌದು. ಸಮುವೇಲನ ಮೊದಲನೆಯ ಗ್ರಂಥದ 28ನೇ ಅಧ್ಯಾಯದಲ್ಲಿ ರಾಜ ಸೌಲನು ಎಂದೋರಿನ ಮಂತ್ರವಾದಿನಿಯ ಬಳಿ ವೇಷ ಮರೆಸಿಕೊಂಡು ಹೋಗಿ, ಸತ್ತ ಪ್ರವಾದಿ ಸಮುವೇಲನನ್ನು ಎಬ್ಬಿಸಲು ಕೇಳುತ್ತಾನೆ. ಸಮುವೇಲ ಬರುತ್ತಾನೆ, ‘ನನ್ನನ್ನೇಕೆ ಕದಡಿದೆ’ ಎಂದು ಸಿಡುಕುತ್ತಾನೆ, ನಾಳೆ ನೀನೂ ನಿನ್ನ ಮಕ್ಕಳೂ ನನ್ನ ಜೊತೆ ಇರುತ್ತೀರಿ ಎಂದು ಹೇಳುತ್ತಾನೆ, ಹೇಳಿದಂತೆಯೇ ಆಗುತ್ತದೆ. ಬಂದದ್ದು ನಿಜವಾಗಿ ಸಮುವೇಲನೋ ಅವನ ವೇಷದ ದುಷ್ಟಶಕ್ತಿಯೋ ಎಂಬ ಚರ್ಚೆ ಮೊದಲ ಶತಮಾನಗಳ ಧರ್ಮಪಂಡಿತರಿಂದ ಇಂದಿನವರೆಗೂ ಮುಗಿದಿಲ್ಲ. ಅಂಥ ಕೆಲಸವನ್ನು ಧರ್ಮಶಾಸ್ತ್ರ ಮೊದಲೇ ನಿಷೇಧಿಸಿತ್ತು ಎಂಬುದರಲ್ಲಿ ಮಾತ್ರ ಚರ್ಚೆಯಿಲ್ಲ. ಧರ್ಮೋಪದೇಶಕಾಂಡದ 18ನೇ ಅಧ್ಯಾಯವು ಕಣಿ ಹೇಳುವವರ, ಮಾಟಗಾರರ ಸಾಲಿನಲ್ಲೇ ಸತ್ತವರನ್ನು ವಿಚಾರಿಸುವವರನ್ನೂ ಸೇರಿಸಿದೆ.

ಹೊಸ ಒಡಂಬಡಿಕೆಯಲ್ಲಿ ಶಿಷ್ಯರು ಎರಡು ಸಲ ಭೂತವೆಂದು ಹೆದರುತ್ತಾರೆ. ಯೇಸು ನೀರಿನ ಮೇಲೆ ನಡೆದು ಬಂದಾಗ ದೋಣಿಯಲ್ಲಿದ್ದವರು ಕೂಗಿಕೊಳ್ಳುತ್ತಾರೆ. ಪುನರುತ್ಥಾನದ ಬಳಿಕ ಯೇಸು ಕಾಣಿಸಿಕೊಂಡಾಗ ಅವರು ದೆವ್ವ ಕಂಡವರಂತೆ ನಡುಗುತ್ತಾರೆ. ಆಗ ಯೇಸು, ತನಗಿರುವಂತೆ ಮಾಂಸ ಮೂಳೆಗಳು ಭೂತಕ್ಕಿರುವುದಿಲ್ಲವೆಂದು ಹೇಳಿ, ಸುಟ್ಟ ಮೀನಿನ ತುಂಡನ್ನು ಅವರೆದುರಿಗೇ ತಿನ್ನುತ್ತಾನೆ. ಭೂತ ಎಂಬುದೇ ಇಲ್ಲವೆಂದು ಅವನು ಹೇಳಲಿಲ್ಲ, ತಾನು ಭೂತವಲ್ಲವೆಂದಷ್ಟೇ ತೋರಿಸಿದ. ಲಾಜರನೆಂಬ ಬಡವನ ಬಗ್ಗೆ ಯೇಸು ಹೇಳಿದ ಸಾಮತಿಯಲ್ಲಿ (ದೃಷ್ಟಾಂತ ಕಥೆಯಲ್ಲಿ) ಮಾತ್ರ ದಾರಿ ಬಿಗಿಯಾಗಿದೆ. ನರಕದಲ್ಲಿದ್ದ ಶ್ರೀಮಂತ, ಲಾಜರನನ್ನು ತನ್ನ ಅಣ್ಣತಮ್ಮಂದಿರ ಬಳಿಗೆ ಕಳುಹಿಸಿ ಎಚ್ಚರಿಸಬೇಕೆಂದು ಬೇಡುತ್ತಾನೆ. ಅಬ್ರಹಾಮ ಒಪ್ಪುವುದಿಲ್ಲ. ಸತ್ತವರು ಸುದ್ದಿ ತರಬೇಕಾಗಿಲ್ಲ, ಅವರಿಗೆ ಮೋಶೆಯೂ ಪ್ರವಾದಿಗಳೂ ಇದ್ದಾರೆ ಎನ್ನುತ್ತಾನೆ.

ಬೈಬಲ್ ಒಟ್ಟಿನಲ್ಲಿ ಭೂತವನ್ನು ಖಂಡಿತವಾಗಿ ಅಲ್ಲಗಳೆಯುವುದೂ ಇಲ್ಲ, ಅದಕ್ಕೆ ಕೆಲಸವನ್ನೂ ಕೊಡುವುದಿಲ್ಲ. ಮುಂದಿನ ಎಲ್ಲ ಜಗಳಗಳೂ ಈ ಸಂದಿನಲ್ಲೇ ಬೆಳೆದವು.

ಅಗುಸ್ಟೀನರ ಅನುಮಾನ, ಗ್ರೆಗೊರಿಯವರ ಕಥೆ

ಐದನೇ ಶತಮಾನದ ಮೊದಲ ಭಾಗದಲ್ಲಿ ನೋಲಾದ ಧರ್ಮಾಧ್ಯಕ್ಷ ಪೌಲಿನಸ್ ಅವರು ಸಂತ ಅಗುಸ್ಟೀನರಿಗೆ ಒಂದು ಪ್ರಶ್ನೆ ಕಳುಹಿಸಿದರು: ಸಂತರ ಸಮಾಧಿಯ ಬಳಿ ಹೂಳಿಸಿಕೊಂಡರೆ ಸತ್ತವರಿಗೆ ಪ್ರಯೋಜನವಿದೆಯೇ? ಉತ್ತರ ಬರೆಯುತ್ತ ಅಗುಸ್ಟೀನರು ಸತ್ತವರು ಕನಸಿನಲ್ಲಿ ಕಾಣಿಸುವ ವಿಷಯಕ್ಕೆ ತಿರುಗಿದರು. ಮಿಲಾನಿನಲ್ಲಿ ಒಬ್ಬನ ತಂದೆ ಸತ್ತ ಮೇಲೆ ಸಾಲ ಕೊಟ್ಟಿದ್ದವನು ಬಂದು, ತೀರಿಸಿದ್ದ ಸಾಲವನ್ನೇ ಮತ್ತೆ ಕೇಳಿದ. ತಂದೆ ಕನಸಿನಲ್ಲಿ ಬಂದು ರಸೀದಿ ಇರುವ ಜಾಗ ತೋರಿಸಿದ. ಇಂಥ ಕಥೆಯನ್ನು ಅಗುಸ್ಟೀನರು ಸುಳ್ಳೆನ್ನುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದನ್ನು ಇಡುತ್ತಾರೆ. ಕಾರ್ಥೇಜಿನಲ್ಲಿದ್ದ ಅವರ ಹಳೆಯ ಶಿಷ್ಯನೊಬ್ಬ ಸಿಸೆರೊನ ಗ್ರಂಥದ ಒಂದು ಭಾಗ ಅರ್ಥವಾಗದೆ ಮಲಗಿದಾಗ, ಕನಸಿನಲ್ಲಿ ಅಗುಸ್ಟೀನರೇ ಬಂದು ಅದನ್ನು ಬಿಡಿಸಿ ಹೇಳಿದರಂತೆ. ಆಗ ಅವರು ಬದುಕಿದ್ದರು, ಕಡಲಾಚೆಯ ಮಿಲಾನಿನಲ್ಲಿದ್ದರು, ಅವರಿಗೆ ಇದರ ಸುಳಿವೂ ಇರಲಿಲ್ಲ. ಬದುಕಿರುವವನು ತನಗೇ ಗೊತ್ತಿಲ್ಲದೆ ಇನ್ನೊಬ್ಬರ ಕನಸಿನಲ್ಲಿ ಕಾಣಿಸಬಹುದಾದರೆ ಸತ್ತವನ ವಿಷಯದಲ್ಲಿ ಬೇರೆ ನಿಯಮವೇಕೆ ಎಂಬುದು ಅವರ ತರ್ಕ. ಸತ್ತವರಿಗೆ ತಮ್ಮಿಷ್ಟದಂತೆ ಬರಲು ಸಾಧ್ಯವಿದ್ದಿದ್ದರೆ, ಭೂಮಿ ಕಡಲುಗಳನ್ನು ದಾಟಿ ತನ್ನ ಬೆನ್ನು ಹತ್ತಿದ್ದ ತಾಯಿ ಮೋನಿಕಾ ಒಂದು ರಾತ್ರಿಯೂ ಬಿಡದೆ ಬರುತ್ತಿದ್ದಳು ಎಂದೂ ಅವರು ಬರೆಯುತ್ತಾರೆ. ಹದಿನಾರು ಶತಮಾನಗಳ ಬಳಿಕವೂ ಇದಕ್ಕಿಂತ ಹರಿತವಾದ ವಾದ ಈ ವಿಷಯದಲ್ಲಿ ಬಂದಂತಿಲ್ಲ.

ಆದರೆ ಜನಮನದಲ್ಲಿ ಗೆದ್ದದ್ದು ಅಗುಸ್ಟೀನರ ಅನುಮಾನವಲ್ಲ, ಪೋಪ್ ಮಹಾ ಗ್ರೆಗೊರಿ ಆರನೇ ಶತಮಾನದ ಕೊನೆಯಲ್ಲಿ ಬರೆದಿಟ್ಟ ಕಥೆಗಳು. ಬಿಸಿನೀರಿನ ಸ್ನಾನಗೃಹದಲ್ಲಿ ಒಬ್ಬ ಗುರುವಿಗೆ ಅಪರಿಚಿತನೊಬ್ಬ ನಿತ್ಯ ಸೇವೆ ಮಾಡುತ್ತಾನೆ. ಗುರು ಕೃತಜ್ಞತೆಯಿಂದ ಎರಡು ರೊಟ್ಟಿ ಕೊಟ್ಟಾಗ, ತಾನು ಸತ್ತುಹೋದ ಈ ಜಾಗದ ಒಡೆಯ, ತನ್ನ ಪಾಪಕ್ಕಾಗಿ ಇಲ್ಲಿ ಊಳಿಗ ಮಾಡುತ್ತಿದ್ದೇನೆ, ಈ ರೊಟ್ಟಿಯನ್ನು ತನಗಾಗಿ ದೇವರಿಗೆ ಅರ್ಪಿಸಿ ಎನ್ನುತ್ತಾನೆ. ಒಂದು ವಾರ ಪೂಜೆಯಾದ ಮೇಲೆ ಅವನು ಕಾಣಿಸುವುದಿಲ್ಲ. ಹಣ ಬಚ್ಚಿಟ್ಟಿದ್ದ ಯುಸ್ತುಸ್ ಎಂಬ ಸನ್ಯಾಸಿಗಾಗಿ ಮೂವತ್ತು ದಿನ ಎಡೆಬಿಡದೆ ಪೂಜೆ ಅರ್ಪಿಸಿ ಅವನನ್ನು ಬಿಡಿಸಿದ ಕಥೆಯೂ ಅಲ್ಲಿದೆ. ಇಂದಿಗೂ ಭಾರತದ ಚರ್ಚುಗಳಲ್ಲಿ ಹೇಳಿಸುವ ಮೂವತ್ತು ‘ಗ್ರೆಗೋರಿಯನ್ ಪೂಜೆ’ಗಳ ಮೂಲ ಅದೇ. ಹನ್ನೊಂದನೇ ಶತಮಾನದ ಆರಂಭದ ಹೊತ್ತಿಗೆ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಓಡಿಲೋ ತಮ್ಮ ಮಠಗಳಲ್ಲಿ ನವೆಂಬರ್ 2ನ್ನು ಮೃತರ ಸ್ಮರಣೆಗೆ ಗೊತ್ತುಮಾಡಿದರು, ಅಲ್ಲಿಂದ ಅದು ಪಶ್ಚಿಮದ ಚರ್ಚಿಗೆಲ್ಲ ಹಬ್ಬಿತು.

ಗ್ರೆಗೊರಿಯವರ ಕಥೆಯ ಭೂತ ಗಮನಾರ್ಹ. ಅದು ಯಾರನ್ನೂ ಹಿಡಿಯುವುದಿಲ್ಲ, ಹೆದರಿಸುವುದಿಲ್ಲ, ರೋಗ ತರುವುದಿಲ್ಲ. ಬೇಡುತ್ತದೆ, ಸಿಕ್ಕಿದ ಮೇಲೆ ಹೋಗುತ್ತದೆ. ಸಂತ ತೋಮಸ್ ಅಕ್ವಿನಾಸರ ಬೋಧನೆಯ ಪ್ರಕಾರವೂ ಆತ್ಮವೊಂದು ಕಾಣಿಸಿಕೊಳ್ಳುವುದು ದೇವರ ವಿಶೇಷ ಅನುಮತಿಯಿಂದ ಮಾತ್ರ, ತನ್ನ ಸ್ವಂತ ಶಕ್ತಿಯಿಂದಲ್ಲ. ರೋಮಿನ ಟೈಬರ್ ನದಿಯ ದಂಡೆಯ ಚರ್ಚೊಂದರಲ್ಲಿ, 1897ರ ಬೆಂಕಿ ಅನಾಹುತದ ಬಳಿಕ ಫ್ರೆಂಚ್ ಗುರುವೊಬ್ಬರು ಕೂಡಿಸಲು ಆರಂಭಿಸಿದ ಪುಟ್ಟ ಸಂಗ್ರಹಾಲಯವಿದೆ. ಶುದ್ಧೀಕರಣದ ಆತ್ಮಗಳು ಬಂದು ಮುಟ್ಟಿದ್ದರಿಂದ ಆದವೆನ್ನಲಾದ ಸುಟ್ಟ ಕೈಗುರುತುಗಳ ಪುಸ್ತಕ, ಬಟ್ಟೆಗಳು ಅಲ್ಲಿವೆ. ಅವನ್ನು ನಂಬಲೇಬೇಕೆಂದು ಚರ್ಚ್ ಯಾರಿಗೂ ಹೇಳಿಲ್ಲ. ಹಾಗೆಂದು ಸಂಗ್ರಹಾಲಯವನ್ನು ಮುಚ್ಚಿಸಿಯೂ ಇಲ್ಲ.

ಲೂಥರ್ ಬಾಗಿಲು ಹಾಕಿದಾಗ

ಹದಿನಾರನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಣೆ ಈ ಇಡೀ ವ್ಯವಸ್ಥೆಯನ್ನು ಬುಡದಿಂದ ಅಲುಗಿಸಿತು. 1517ರಲ್ಲಿ ಮಾರ್ಟಿನ್ ಲೂಥರ್ ಪ್ರಶ್ನಿಸಿದ್ದು ಪಾಪದಂಡ ವಿಮೋಚನೆಯ ಪತ್ರಗಳ ಮಾರಾಟವನ್ನು. ಆ ಪತ್ರಗಳಿಗೆ ಬೆಲೆ ಇದ್ದದ್ದೇ ಶುದ್ಧೀಕರಣದ ಆತ್ಮಗಳಿಗೆ ಅವು ನೆರವಾಗುತ್ತವೆಂಬ ನಂಬಿಕೆಯಿಂದ. 1537ರ ಹೊತ್ತಿಗೆ ಅವರು ಇನ್ನೂ ಮುಂದೆ ಹೋಗಿ, ಸತ್ತವರ ಆತ್ಮವೆಂದು ಹೇಳಿಕೊಂಡು ಪೂಜೆ ಬೇಡುವವು ದುಷ್ಟಶಕ್ತಿಗಳೇ ಎಂದು ಬರೆದರು. ಇಂಗ್ಲೆಂಡಿನ ಚರ್ಚ್ ತನ್ನ 39 ವಿಧಿಗಳ ಪೈಕಿ 22ನೆಯದರಲ್ಲಿ ರೋಮಿನ ಶುದ್ಧೀಕರಣದ ಬೋಧನೆಯನ್ನು ಆಧಾರವಿಲ್ಲದ ಕಲ್ಪನೆ ಎಂದು ತಿರಸ್ಕರಿಸಿತು.

ಇದರ ಪರಿಣಾಮವನ್ನು ಬಿಡಿಸಿ ನೋಡಬೇಕು. ಕಥೋಲಿಕರಿಗೆ ಕಾಣಿಸಿದ ಆಕೃತಿ ಒಂದು ಬಡ ಆತ್ಮವಾಗಿರಬಹುದಿತ್ತು. ಪ್ರೊಟೆಸ್ಟೆಂಟರಿಗೆ ಆ ಸಾಧ್ಯತೆ ಉಳಿಯಲಿಲ್ಲ, ಏಕೆಂದರೆ ಸ್ವರ್ಗದಲ್ಲಿರುವವರು ಬರಬೇಕಾಗಿಲ್ಲ, ನರಕದಲ್ಲಿರುವವರು ಬರಲಾರರು. ಉಳಿದದ್ದು ಮೂರೇ: ಕಣ್ಣಿನ ಭ್ರಮೆ, ಮನುಷ್ಯರ ಮೋಸ, ಇಲ್ಲವೇ ಸೈತಾನ. ಹೀಗೆ ಭೂತ ನಂಬಿಕೆಯನ್ನು ಅಳಿಸಲು ಹೊರಟ ಸುಧಾರಣೆ, ಸತ್ತ ಅಜ್ಜನನ್ನು ಸೈತಾನನ ವೇಷವಾಗಿ ಮಾರ್ಪಡಿಸಿತು. ಇಂದಿನ ಪೆಂಟೆಕೋಸ್ಟಲ್ ಸಭೆಗಳ ಬಿಡುಗಡೆಯ ಪ್ರಾರ್ಥನೆಗಳಲ್ಲಿ ಕಾಣುವುದು ಈ ಧೋರಣೆಯ ಮುಂದುವರಿಕೆ. ಅಲ್ಲಿ ಸತ್ತವರಿಗಾಗಿ ಪ್ರಾರ್ಥನೆ ಇಲ್ಲವೇ ಇಲ್ಲ. ಆದರೆ ಪೂರ್ವಜರ ವಿಗ್ರಹಾರಾಧನೆಯಿಂದ ಬಂದ ಶಾಪವನ್ನು ಮುರಿಯುವ ಪ್ರಾರ್ಥನೆ ಧಾರಾಳವಾಗಿದೆ. ಬ್ರಿಟಿಷರ ಕಾಲದ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಸಭೆಗಳು 1947ರಲ್ಲಿ ಕೂಡಿ ರೂಪುಗೊಂಡ ದಕ್ಷಿಣ ಭಾರತ ಸಭೆಯವರು ಸಮಾಧಿಯ ಬಳಿ ಸ್ಮರಣೆಯ ಆರಾಧನೆ ಮಾಡಿದರೂ ಶುದ್ಧೀಕರಣದ ಸ್ಥಿತಿಯನ್ನು ಬೋಧಿಸುವುದಿಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳದು ಇನ್ನೊಂದು ದಾರಿ: ಮೂರನೇ, ಒಂಬತ್ತನೇ, ನಲವತ್ತನೇ ದಿನಗಳಲ್ಲಿ ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ, ಆದರೆ ರೋಮಿನ ಶುದ್ಧೀಕರಣದ ಸಿದ್ಧಾಂತವನ್ನು ಒಪ್ಪುವುದಿಲ್ಲ.

ಅಲೆಯುವವರ ಪಟ್ಟಿ ಎಲ್ಲಿಂದ ಬಂತು

ಮ್ಯಾಕ್‌ಆಲ್ ಅವರ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಒಂದು ಅಂಶ ಕಣ್ಣಿಗೆ ಬೀಳುತ್ತದೆ. ಆತ್ಮಹತ್ಯೆ ಮಾಡಿಕೊಂಡವರು, ಸಂಸ್ಕಾರವಿಲ್ಲದೆ ಹೋದವರು, ಜ್ಞಾನಸ್ನಾನ (ಬ್ಯಾಪ್ಟಿಸಮ್) ಆಗದ ಶಿಶುಗಳು ಇವರೇ ಚರ್ಚಿನ ಹಳೆಯ ಶಿಸ್ತಿನಲ್ಲಿ ಪವಿತ್ರ ನೆಲದ ಹೊರಗೆ ಉಳಿದವರು. 1917ರ ಚರ್ಚ್ ಕಾನೂನು ಉದ್ದೇಶಪೂರ್ವಕ ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನ ಶವಸಂಸ್ಕಾರವನ್ನು ನಿರಾಕರಿಸಿತ್ತು. ಜ್ಞಾನಸ್ನಾನವಾಗದ ಮಕ್ಕಳನ್ನು ಸಿಮಿಟ್ರಿಯ ಗೋಡೆಯ ಆಚೆ ಅಥವಾ ಬೇರೆ ಮೂಲೆಯಲ್ಲಿ ಹೂಳುವ ರೂಢಿ ಅನೇಕ ದೇಶಗಳಲ್ಲಿತ್ತು. ಊರಿನ ಎಲ್ಲ ಸತ್ತವರಿಗೂ ಪೂಜೆ ಹೇಳಿಸಿ ಇವರನ್ನು ಮಾತ್ರ ಹೊರಗಿಟ್ಟರೆ, ಮನೆಯವರ ಮನಸ್ಸಿನಲ್ಲಿ ಏಳುವ ‘ಹಾಗಾದರೆ ಅವನು ಎಲ್ಲಿದ್ದಾನೆ’ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಧರ್ಮಶಾಸ್ತ್ರ ಮೌನವಾದಲ್ಲಿ ಜಾನಪದ ಮಾತಾಡುತ್ತದೆ. ಅಲೆಯುವ ಆತ್ಮವನ್ನು ಚರ್ಚ್ ಬೋಧನೆಯಲ್ಲಿ ನಿರಾಕರಿಸಿದರೂ ತನ್ನ ಶಿಸ್ತಿನಿಂದಲೇ ಅದಕ್ಕೆ ಜಾಗ ಮಾಡಿಕೊಟ್ಟಿತ್ತು ಎಂದು ಹೇಳಿದರೆ ತಪ್ಪಾಗಲಾರದು.

ಈ ಶಿಸ್ತು ಈಗ ಬದಲಾಗಿದೆ. 1983ರ ಹೊಸ ಚರ್ಚ್ ಕಾನೂನಿನ ನಿರಾಕರಣೆಯ ಪಟ್ಟಿಯಲ್ಲಿ ಆತ್ಮಹತ್ಯೆ ಇಲ್ಲ. ಮಾನಸಿಕ ಯಾತನೆ, ಭಯ, ದುಃಖಗಳು ಹೊಣೆಯನ್ನು ಕಡಿಮೆ ಮಾಡಬಲ್ಲವೆಂದೂ ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ 1992ರ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಜ್ಞಾನಸ್ನಾನವಿಲ್ಲದೆ ಸತ್ತ ಮಕ್ಕಳ ರಕ್ಷಣೆಗೆ ಭರವಸೆ ಇಡಲು ಗಂಭೀರ ಕಾರಣಗಳಿವೆ ಎಂದು ವ್ಯಾಟಿಕನ್ನಿನ ಅಂತರರಾಷ್ಟ್ರೀಯ ಧರ್ಮಶಾಸ್ತ್ರ ಆಯೋಗ 2007ರಲ್ಲಿ ವಿವರಿಸಿತು. ಆದರೆ ಈ ಬದಲಾವಣೆ ಪ್ರವಚನಪೀಠದಿಂದ ಎಷ್ಟು ಸಲ ಕೇಳಿಬಂದಿದೆ ಎಂಬುದು ಬೇರೆಯೇ ಪ್ರಶ್ನೆ. ಹಳೆಯ ನಿರಾಕರಣೆ ಕುಟುಂಬದ ನೆನಪಿನಲ್ಲಿ ಉಳಿಯುತ್ತದೆ, ಹೊಸ ಭರವಸೆ ದಾಖಲೆಗಳಲ್ಲಿ. ವಂಶವೃಕ್ಷದ ಪ್ರಾರ್ಥನೆಗೆ ಜನ ಸೇರುವುದು ಬಹುಮಟ್ಟಿಗೆ ಈ ಅಂತರದಿಂದ ಎಂದು ತೋರುತ್ತದೆ.

ಎರಡೂ ಕಡೆಯ ವಾದ

ಪದ್ಧತಿಯನ್ನು ಸಮರ್ಥಿಸುವವರು ಮೊದಲು ತೆರೆಯುವುದು ವಿಮೋಚನಕಾಂಡದ 20ನೇ ಅಧ್ಯಾಯವನ್ನು. ತಂದೆಗಳ ದೋಷವನ್ನು ಮೂರು ನಾಲ್ಕು ತಲೆಗಳವರೆಗೆ ಮಕ್ಕಳ ಮೇಲೆ ಬರಮಾಡುವೆನೆಂದು ದೇವರೇ ಅಲ್ಲಿ ಹೇಳುತ್ತಾರೆ. ಎರಡನೆಯದಾಗಿ ಅವರು ವಿಜ್ಞಾನವನ್ನು ಮುಂದಿಡುತ್ತಾರೆ: ಕುಡುಕ ತಂದೆಯ ಮಗ ಕುಡುಕನಾಗುವುದನ್ನು, ಹೊಡೆತ ತಿಂದು ಬೆಳೆದವರು ಹೊಡೆಯುವವರಾಗುವುದನ್ನು ಯಾರು ಅಲ್ಲಗಳೆಯುತ್ತಾರೆ? 1944-45ರ ನೆದರ್ಲೆಂಡ್ಸ್ ಬರಗಾಲದಲ್ಲಿ ಗರ್ಭದಲ್ಲಿದ್ದ ಮಕ್ಕಳ ಆರೋಗ್ಯದ ಮೇಲೆ ದಶಕಗಳ ಬಳಿಕವೂ ಪರಿಣಾಮ ಕಂಡುಬಂದ ಅಧ್ಯಯನಗಳನ್ನು ಅವರು ಉದಾಹರಿಸುತ್ತಾರೆ. ಮೂರನೆಯದು ಅನುಭವ, ಪ್ರಾರ್ಥನೆಯ ಬಳಿಕ ನೆಮ್ಮದಿ ಸಿಕ್ಕಿತೆಂದು ಹೇಳುವವರ ಸಾಕ್ಷ್ಯ.

ಧರ್ಮಾಧ್ಯಕ್ಷರ ಪ್ರತಿವಾದವೂ ಬೈಬಲಿನಿಂದಲೇ ಶುರುವಾಗುತ್ತದೆ. ತಂದೆಯ ದೋಷಫಲವನ್ನು ಮಗ ಅನುಭವಿಸುವುದಿಲ್ಲ, ಪಾಪ ಮಾಡಿದವನೇ ಸಾಯುವನು ಎಂದು ಯೆಹೆಜ್ಕೇಲನ 18ನೇ ಅಧ್ಯಾಯ ಹೇಳುತ್ತದೆ. ಹುಟ್ಟುಕುರುಡನನ್ನು ಕಂಡು ‘ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ’ ಎಂದು ಶಿಷ್ಯರು ಕೇಳಿದಾಗ ಯೇಸು ಇಬ್ಬರೂ ಅಲ್ಲ ಎನ್ನುತ್ತಾನೆ. ಪಾಪವು ವ್ಯಕ್ತಿಯ ಸ್ವತಂತ್ರ ಇಚ್ಛೆಯ ಕೆಲಸ, ಹುಟ್ಟಿನೊಂದಿಗೆ ಬರುವುದು ಜನ್ಮಪಾಪ ಒಂದೇ, ಅದನ್ನೂ ಜ್ಞಾನಸ್ನಾನ ತೊಳೆಯುತ್ತದೆ. ಜ್ಞಾನಸ್ನಾನವಾದವನ ಮೇಲೂ ಮುತ್ತಜ್ಜನ ಪಾಪ ಅಂಟಿಕೊಂಡಿದೆ ಎಂದರೆ ಜ್ಞಾನಸ್ನಾನ ಅರೆಬರೆಯಾಯಿತು ಎಂದೇ ಅರ್ಥವಾಗುತ್ತದೆ. ಗುಣವಾಗಲೇಬೇಕಾದ ಚಿಕಿತ್ಸೆಯಂತೆ ಬಲಿಪೂಜೆಯನ್ನು ಬಳಸುವುದು ಅದನ್ನು ಮಂತ್ರಪ್ರಯೋಗದ ಮಟ್ಟಕ್ಕಿಳಿಸಿದಂತೆ ಎಂಬುದೂ ಅವರ ಆಕ್ಷೇಪ.

ವಿಜ್ಞಾನದ ವಾದಕ್ಕೆ ಉತ್ತರ ಸುಲಭವಿದೆ. ಬರಗಾಲದ ಪರಿಣಾಮ ತಾಯಿಯ ಗರ್ಭದ ಮೂಲಕ ಬಂತು, ಕುಡಿತದ ಪರಿಣಾಮ ಮನೆಯ ವಾತಾವರಣ ಮತ್ತು ಅನುವಂಶೀಯ ಒಲವುಗಳ ಮೂಲಕ ಬರುತ್ತದೆ. ಪರಿಣಾಮ ಇಳಿದುಬರುವುದೂ ಅಪರಾಧ ಇಳಿದುಬರುವುದೂ ಒಂದೇ ಅಲ್ಲ. ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೂ ವಂಶವೃಕ್ಷದ ಪ್ರಾರ್ಥನೆಗೂ ಇರುವ ವ್ಯತ್ಯಾಸ ಇಲ್ಲಿಯೇ ಸ್ಪಷ್ಟವಾಗುವುದು. ಮೊದಲನೆಯದರಲ್ಲಿ ನೆರವು ಬದುಕಿರುವವರಿಂದ ಸತ್ತವರ ಕಡೆಗೆ ಹೋಗುತ್ತದೆ, ಅಲ್ಲಿ ಸತ್ತವರು ನಮ್ಮ ಪ್ರೀತಿಗೆ ಪಾತ್ರರು. ಎರಡನೆಯದರಲ್ಲಿ ಕೇಡು ಸತ್ತವರಿಂದ ಬದುಕಿರುವವರ ಕಡೆಗೆ ಬರುತ್ತದೆ, ಅಲ್ಲಿ ಅವರು ಆರೋಪಿಗಳು. ಹಾಳೆಯ ಮೇಲಿನ ಹೆಸರುಗಳು ಎರಡೂ ಕಡೆ ಅವೇ ಇರಬಹುದು.

ಕರಾವಳಿಯ ಹಿನ್ನೆಲೆ

ಕರ್ನಾಟಕದಲ್ಲಿ, ಅದರಲ್ಲೂ ತುಳುನಾಡಿನಲ್ಲಿ, ಈ ಚರ್ಚೆ ಬರಿಯ ನೆಲದ ಮೇಲೆ ನಡೆಯುತ್ತಿಲ್ಲ. ಇಲ್ಲಿ ಸತ್ತವರು ಕುಲೆಗಳಾಗಿ, ಅಂದರೆ ಪ್ರೇತಾತ್ಮಗಳಾಗಿ, ಕುಟುಂಬದ ಭಾಗವಾಗಿಯೇ ಉಳಿಯುತ್ತಾರೆ. ಆಟಿ ತಿಂಗಳಲ್ಲಿ ಅವರಿಗೆ ಬಡಿಸುತ್ತಾರೆ, ಮದುವೆಯಾಗದೆ ಸತ್ತವರಿಗೆ ಪ್ರೇತ ಮದುವೆ ಮಾಡಿಸುತ್ತಾರೆ. ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ಮಗಳಿಗೆ ಪ್ರೇತ ವರ ಬೇಕೆಂದು ಪುತ್ತೂರಿನ ಕುಟುಂಬವೊಂದು ಕೊಟ್ಟ ಪತ್ರಿಕಾ ಜಾಹೀರಾತು 2024ರ ಮೇ ತಿಂಗಳಲ್ಲಿ ದೇಶದಾದ್ಯಂತ ಸುದ್ದಿಯಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಈ ಲೋಕವನ್ನೆಲ್ಲ ದೆವ್ವಪೂಜೆ ಎಂಬ ಒಂದೇ ಹೆಸರಿನಡಿ ಸೇರಿಸಿದರು. ಅವರ ಪ್ರೊಟೆಸ್ಟೆಂಟ್ ಲೆಕ್ಕದಲ್ಲಿ ಪೂರ್ವಜರಿಗೂ ದೈವಗಳಿಗೂ ಸೈತಾನನಿಗೂ ನಡುವೆ ಬೇರೆ ಖಾನೆಗಳಿರಲಿಲ್ಲ. ಕಥೋಲಿಕರು ಪೂರ್ವಜರ ನೆನಪಿಗೆ ಬೇರೆ ದಾರಿಗಳನ್ನು ಕಂಡುಕೊಂಡರು. ಗೋವಾದ ಕ್ರೈಸ್ತರಲ್ಲಿ ಮದುವೆಗೆ ಮುಂಚೆ ಸತ್ತ ಹಿರಿಯರ ಹೆಸರಿನಲ್ಲಿ ಬಡವರಿಗೆ ಊಟ ಹಾಕುವ ‘ಭಿಕಾರ್‍ಯಾಂ ಜೆವಣ್’ ಇದಕ್ಕೊಂದು ನಿದರ್ಶನ. ಎಡೆ ಇಡುವ ಜಾಗಕ್ಕೆ ದಾನ ಬಂತು, ಹಿರಿಯರು ಉಳಿದರು.

ಇಂಥ ಹಿನ್ನೆಲೆಯಲ್ಲಿ ವಂಶವೃಕ್ಷದ ಪ್ರಾರ್ಥನೆ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಪಿತೃದೋಷ, ಕುಟುಂಬದ ಶಾಪ ಎಂಬ ನೆರೆಹೊರೆಯ ವಿವರಣೆಗಳು ಕ್ರೈಸ್ತರಿಗೂ ಪರಿಚಿತವಾದ್ದರಿಂದ ಅದು ಬೇಗ ನಾಟುತ್ತದೆ. ಅದೇ ಹೊತ್ತಿಗೆ, ಮತಾಂತರಕ್ಕೆ ಮುಂಚಿನ ಪೂರ್ವಜರನ್ನು ವಿಗ್ರಹಾರಾಧಕರೆಂದು ದೂಷಿಸಿ, ಇಂದಿನ ಸಂಕಟಕ್ಕೆ ಅವರನ್ನೇ ಹೊಣೆ ಮಾಡುತ್ತದೆ. ಕುಲೆಗೆ ಅನ್ನ ಇಡುವ ಮನೆಯಲ್ಲಿ ಹಿರಿಯರ ಭಯದ ಜೊತೆಗೆ ಅವರೊಂದಿಗಿನ ಸಂಬಂಧವೂ ಇರುತ್ತದೆ. ಶಾಪ ಮುರಿಯುವ ಪ್ರಾರ್ಥನೆಯಲ್ಲಿ ಸಂಬಂಧ ಹೋಗಿ ಭಯ ಮಾತ್ರ ಉಳಿಯುವ ಅಪಾಯವಿದೆ.

ಮುಂದೇನಾಗಬಹುದು

ಸ್ಪೇನಿನ ಧರ್ಮಾಧ್ಯಕ್ಷರ ಟಿಪ್ಪಣಿಗೆ ಭಾರತದಲ್ಲಿ ನೇರ ಅಧಿಕಾರವಿಲ್ಲ, ಏಕೆಂದರೆ ಒಂದು ದೇಶದ ಮಂಡಳಿಯ ಮಾತು ಇನ್ನೊಂದು ದೇಶಕ್ಕೆ ಅನ್ವಯಿಸುವುದಿಲ್ಲ. ಆದರೆ ಅದು ನೆಚ್ಚಿಕೊಂಡ ನಿಯಮಗಳು ಎಲ್ಲೆಡೆಯ ಕಥೋಲಿಕರಿಗೂ ಸಂಬಂಧಿಸಿದವು. ಸೌಖ್ಯಪ್ರಾರ್ಥನೆಗಳ ಕುರಿತು ವ್ಯಾಟಿಕನ್ 2000ದ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸೂಚನೆಯು ಆರಾಧನಾವಿಧಿಯ ರೂಪದ ಸೌಖ್ಯಪ್ರಾರ್ಥನೆಗೆ ಸ್ಥಳೀಯ ಧರ್ಮಾಧ್ಯಕ್ಷರ ಅನುಮತಿ ಕಡ್ಡಾಯ ಮಾಡಿದೆ, ಉನ್ಮಾದ ಮತ್ತು ನಾಟಕೀಯತೆಗೆ ಎಡೆಕೊಡಬಾರದೆಂದು ಎಚ್ಚರಿಸಿದೆ. ದೆವ್ವ ಬಿಡಿಸುವ ವಿಧಿಯನ್ನು ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿ ಪಡೆದ ಗುರುಗಳು ಮಾತ್ರ ನಡೆಸಬಹುದೆಂಬುದು ಚರ್ಚ್ ಕಾನೂನಿನ 1172ನೇ ವಿಧಿ. 1999ರಲ್ಲಿ ಪರಿಷ್ಕೃತವಾದ ದೆವ್ವ ಬಿಡಿಸುವ ವಿಧಿಯು ಮಾನಸಿಕ ಕಾಯಿಲೆಯನ್ನು ದೆವ್ವಬಾಧೆಯೆಂದು ತಿಳಿಯದಂತೆ ಎಚ್ಚರ ವಹಿಸಲು ಹೇಳುತ್ತದೆ. ಆ ವಿಧಿ ಉದ್ದೇಶಿಸಿರುವುದು ಸೈತಾನನನ್ನೇ ಹೊರತು ಸತ್ತವರ ಆತ್ಮಗಳನ್ನಲ್ಲ ಎಂಬುದೂ ಗಮನಿಸಬೇಕಾದ ಅಂಶ.

ರಾಜ್ಯದ ಕಾನೂನೂ ಇಲ್ಲಿ ಬರುತ್ತದೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಗೆ ಕರ್ನಾಟಕ 2017ರಲ್ಲಿ ರೂಪಿಸಿ 2020ರ ಜನವರಿಯಲ್ಲಿ ಜಾರಿಗೆ ತಂದ ಕಾಯ್ದೆಯಲ್ಲಿ, ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಶಿಕ್ಷಾರ್ಹ ಅಪರಾಧ. ಕಾಯ್ದೆ ಮತವನ್ನು ನೋಡುವುದಿಲ್ಲ. ಹಾನಿಯಿಲ್ಲದ ಪ್ರಾರ್ಥನೆಗೆ ಅದು ಅಡ್ಡಬರುವುದೂ ಇಲ್ಲ. ಹೆಚ್ಚು ಕಾಡುವ ಸಮಸ್ಯೆ ಇರುವುದು ಈ ಎರಡರ ನಡುವೆ. ಹೊಡೆತವಿಲ್ಲ, ಹಗ್ಗವಿಲ್ಲ, ಆದರೆ ಖಿನ್ನತೆಯಿಂದ ಬಳಲುವ ಹುಡುಗಿಗೆ ಆರು ತಿಂಗಳು ಬರೀ ಅಜ್ಜಿಯ ಶಾಪದ ವಿವರಣೆ ಸಿಗುತ್ತದೆ, ವೈದ್ಯರ ಭೇಟಿ ತಡವಾಗುತ್ತದೆ. ಆತ್ಮಹತ್ಯೆಯ ನೋವುಂಡ ಮನೆಗೆ ಮುಂದಿನ ಪೀಳಿಗೆಯ ಕಾಯಿಲೆಗಳಿಗೂ ಸತ್ತವನೇ ಕಾರಣನೆಂಬ ಹೊಸ ಹೊರೆ ಬೀಳುತ್ತದೆ.

ನಿಷೇಧದಿಂದಷ್ಟೇ ಇದು ನಿಲ್ಲುವುದೆಂದು ನಿರೀಕ್ಷಿಸುವಂತಿಲ್ಲ. ಚರ್ಚಿನಲ್ಲಿ ಅನುಮತಿ ಸಿಗದ ಪ್ರಾರ್ಥನೆ ಖಾಸಗಿ ಮನೆಗಳಿಗೋ ಸ್ವತಂತ್ರ ಸಭೆಗಳಿಗೋ ಯೂಟ್ಯೂಬಿನ ನೇರಪ್ರಸಾರಕ್ಕೋ ದಾಟಬಲ್ಲದು, ಅಲ್ಲಿ ಯಾವ ಧರ್ಮಾಧ್ಯಕ್ಷರ ಕೈಯೂ ತಲುಪದು. ಬೇಡಿಕೆ ತಗ್ಗಬೇಕಾದರೆ ಅದು ಹುಟ್ಟುವ ಜಾಗದಲ್ಲಿ ಕೆಲಸವಾಗಬೇಕು: ಆತ್ಮಹತ್ಯೆಯಾದ ಮನೆಗೆ ಗುರುಗಳು ಮೊದಲ ದಿನವೇ ಹೋಗಿ ಪೂರ್ಣ ಶವಸಂಸ್ಕಾರ ನಡೆಸಿಕೊಡುವುದು, ಗರ್ಭಪಾತದಲ್ಲಿ ಹೋದ ಮಗುವಿನ ಹೆಸರಿನಲ್ಲಿ ಪ್ರಾರ್ಥಿಸಲು ತಾಯಿಗೆ ಅವಕಾಶ ಕೊಡುವುದು, 1983 ಮತ್ತು 2007ರ ಬದಲಾವಣೆಗಳನ್ನು ನವೆಂಬರಿನ ಪ್ರವಚನಗಳಲ್ಲಿ ಬಿಡಿಸಿ ಹೇಳುವುದು. ಪೂಜೆ ಬರೆಸಲು ಧರ್ಮಕೇಂದ್ರದ ಕಚೇರಿಗೆ ಬರುವವರ ವಿಷಯದಲ್ಲಿ ಗೆರೆ ಈಗಾಗಲೇ ಸ್ಪಷ್ಟವಿದೆ. ‘ನಮ್ಮ ಕುಟುಂಬದ ತೀರಿಹೋದ ಎಲ್ಲರ ಆತ್ಮಶಾಂತಿಗಾಗಿ’ ಎಂದು ಬರೆಸಿದರೆ ಅದನ್ನು ಸ್ವೀಕರಿಸಲು ಯಾವ ಅಡ್ಡಿಯೂ ಇಲ್ಲ. ‘ಮುತ್ತಜ್ಜನ ಶಾಪ ಕಡಿಯಲು’ ಎಂದು ಕೇಳಿದವರನ್ನು ಗುರುಗಳು ಬರಿಗೈಯಲ್ಲಿ ಕಳುಹಿಸದೆ, ಕೂರಿಸಿಕೊಂಡು ಮನೆಯಲ್ಲಿ ನಡೆದದ್ದೇನೆಂದು ವಿಚಾರಿಸಿ, ಬೇಕಾದಲ್ಲಿ ಮನೋವೈದ್ಯರ ಬಳಿಗೆ ಹೋಗಲು ಹೇಳಬೇಕಾಗುತ್ತದೆ.